ಎಂಟನೇ ಗೂಟ

ಲಿಂಗರಾಜಪುರದ ತಾರಸಿ, ಭಾನುವಾರ, ಎರಡು ಗಂಟೆ ಬಿಸಿಲು.
ಸಿಂಟೆಕ್ಸ್ ತೊಟ್ಟಿಗೂ ಡಿಶ್ ಕಂಬಕ್ಕೂ ನಡುವೆ
ಟೆಂಟು ಒಣಗುತ್ತಿದೆ.
ಕೆಳಮನೆಯ ಸಗಾಯಮೇರಿ ಬಟ್ಟೆ ತೆಗೆಯಲು ಬಂದವಳು
ಮುಟ್ಟಿ, ಮೂಸಿ, "ಇದೇನಕ್ಕಾ,
ಶಾಮಿಯಾನ ಮರಿ ಹಾಕಿದೆಯಾ?" ಅಂದಳು.

ಕೊಡವಿದರೆ ನೀಲಗಿರಿ ಎಲೆ, ಮೂರು.
ಆಮೇಲೊಂದು ಇರುವೆ. ನಮ್ಮ ಕಡೆಯದಲ್ಲ,
ಸೊಂಟ ಉದ್ದ, ನಡಿಗೆಯಲ್ಲಿ ಗಾಬರಿ.
ನೂರೈವತ್ತು ಕಿಲೋಮೀಟರು ಬಂದಿದೆ, ಟಿಕೆಟ್ಟಿಲ್ಲದೆ.

ಶಾಲೆ ಮುಚ್ಚಿದರೆ
ಸಂಪಂಗಿಯ ಹಳದಿ ವ್ಯಾನಿಗೂ ರಜ.
ಉಳಿದ ತಿಂಗಳೆಲ್ಲ ಅವನದು ಹಗಲು, ನನ್ನದು ರಾತ್ರಿ.
ನಾನು ವಾರ್ಡಿನಿಂದ ಬರುವಷ್ಟರಲ್ಲಿ
ಅವನು ಮೂರನೇ ಬೀದಿಯಲ್ಲಿ ಹಾರ್ನು ಹೊಡೆಯುತ್ತಿರುತ್ತಾನೆ;
ಅವನು ಸಂಜೆಯ ಆಫೀಸು ಟ್ರಿಪ್ಪು ಮುಗಿಸುವಷ್ಟರಲ್ಲಿ
ನಾನು ಬಸ್ಸಿನಲ್ಲಿ.
ಸಾರು ಫ್ರಿಜ್ಜಿನಲ್ಲಿದೆ, ಗ್ಯಾಸು ಬುಕ್ ಮಾಡು, ಹಾಲಿನವನಿಗೆ ಐವತ್ತು:
ಹೀಗೆ ಸಂಸಾರ.
ಒಂದೇ ದಿಂಬು ಸಾಕು ನಮಗೆ, ಪಾಳಿಯ ಮೇಲೆ.

ಹಿಂದಿನ ಸೀಟು ಕಿತ್ತು ಮನೆ ಮುಂದಿಟ್ಟ.
ಸ್ಟವ್ವು, ಬಿಂದಿಗೆ, ಯಾರೋ ವಾಪಸು ಕೊಟ್ಟದ್ದೆಂದು
ಅರ್ಧ ಬೆಲೆಗೆ ಸಿಕ್ಕ ಟೆಂಟು.
ಟಿನ್ ಫ್ಯಾಕ್ಟರಿ ದಾಟಲು ಮುಕ್ಕಾಲು ಗಂಟೆ,
ಹೊಸಕೋಟೆ ಆದ ಮೇಲೆ ರಸ್ತೆ ಎಂದರೆ ರಸ್ತೆ.
ಚಿಂತಾಮಣಿಯ ಆಚೆ ಮಾವಿನ ಬುಟ್ಟಿಗಳು,
ವ್ಯಾನಿನ ತುಂಬ ಒಂದೇ ವಾಸನೆ: ಹಣ್ಣು, ಡೀಸೆಲು,
ಯಾವ ಮಗುವೋ ಚೆಲ್ಲಿದ ಹಳೆಯ ಬೋರ್ನ್‌ವಿಟಾ.

ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸು ಸುತ್ತು ಹಾಕಿದ.
ಬೆನ್ನ ಮೇಲೆ ಬರೆದಿತ್ತಲ್ಲ, ಮಕ್ಕಳಿದ್ದಾರೆ ಎಚ್ಚರಿಕೆ ಎಂದು.
"ಪಿಲ್ಲಲು ಎಕ್ಕಡ?"
"ಸೆಲವುಲು ಸಾರ್," ಅಂದ ಸಂಪಂಗಿ.
ಹೋಗಿ ಎಂದು ಕೈ ಬೀಸಿದ.
ಹದಿನಾರು ವರ್ಷದಲ್ಲಿ ಆ ಪ್ರಶ್ನೆಗೆ
ಇಷ್ಟು ಚಿಕ್ಕ ಉತ್ತರ ನಾವು ಯಾರಿಗೂ ಕೊಟ್ಟಿರಲಿಲ್ಲ.
ನಾನು ಸೀಟಿನಡಿ ಸಿಕ್ಕ ನೀಲಿ ಬಾಟಲಿ ಮುಚ್ಚಳವನ್ನು
ಮುಂದಿನ ಊರಿನವರೆಗೆ ತಿರುಗಿಸುತ್ತಾ ಕೂತೆ.
ಅವನು ಗೇರು ಬದಲಿಸಿದ, ಬೇಕಿರಲಿಲ್ಲ.

ಬೆಟ್ಟ ನಮಗಾಗಿ ಏನೂ ಸಿದ್ಧ ಮಾಡಿಕೊಂಡಿರಲಿಲ್ಲ.
ಒಂದು ಗೇಣು ಮಣ್ಣು, ಅದರಡಿ ಬಂಡೆ.
ಎಂಟು ಗೂಟದಲ್ಲಿ ಐದು ಕೂತವು, ಮೂರು ಡೊಂಕಾದವು.
"ಎಲ್ಲೂ ಗೂಟ ಹೊಡೆದು ಕೂರುವ ಜಾತಿಯಲ್ಲ ಬಿಡು ನಾವು,"
ಅವನಿಗೆ ನಗು, ನನಗೆ ಸುತ್ತಿಗೆ ತಗುಲಿದ ಹೆಬ್ಬೆರಳು.
ಕತ್ತಲಾಗುತ್ತಲೇ ಗಾಳಿ. ಹನ್ನೊಂದಕ್ಕೆ ಮಳೆ.
ಒಂದು ಮಗ್ಗುಲು ಕುಸಿದು ಅವನ ಮುಖದ ಮೇಲೇ ಒರಗಿತು;
ಕಾಲಿನಿಂದ ಎತ್ತಿ ಹಿಡಿದುಕೊಂಡೇ ನಿದ್ದೆಹೋದ.

ನನಗೆಲ್ಲಿಯ ನಿದ್ದೆ. ಅದು ನನ್ನ ಡ್ಯೂಟಿಯ ಹೊತ್ತು.
ಹಾಗಾಗಿ ಕೇಳಿದೆ,
ನನ್ನ ಗಂಡ ನಿದ್ದೆಯಲ್ಲಿ ಎಣಿಸುತ್ತಾನೆ.
ಹನ್ನೆರಡು, ಹದಿಮೂರು, ಹದಿನಾಲ್ಕು.
ನಿಲ್ಲಿಸಿ, ಮತ್ತೆ ಒಂದರಿಂದ.
"ಒಬ್ರು ಕಮ್ಮಿ," ಅಂದ, ಸ್ಪಷ್ಟವಾಗಿ, ಟೆಂಟಿನ ಬಟ್ಟೆಗೆ.
ಏನು ಹೇಳಲಿ.
ಮಣಿಕಟ್ಟು ಹಿಡಿದೆ, ಅಭ್ಯಾಸ.
ಅವನ ಎಣಿಕೆಯ ಕೆಳಗೆ ನನ್ನದೊಂದು ಎಣಿಕೆ.
ಅರವತ್ತೆಂಟು. ಪರವಾಗಿಲ್ಲ.
ಬಿಡಲು ಮರೆತೆ. ಬೆಳಿಗ್ಗೆ ಆಕಾಶ ತೊಳೆದ ಸ್ಟೀಲಿನಂತೆ,
ಕೈ ಜೋಮು ಹಿಡಿದಿತ್ತು.

ಈಗ ಮಡಚುತ್ತಿದ್ದೇವೆ.
ಕಂಪನಿಯವರು ಅದು ಹೇಗೆ ತುರುಕಿದ್ದರೋ,
ಬೆಟ್ಟಕ್ಕೆ ಹೋಗಿ ಬಂದದ್ದು ಮತ್ತೆ ಆ ಚೀಲಕ್ಕೆ ಹಿಡಿಸದು.
ಒಬ್ಬರು ಮಂಡಿಯೂರಿ, ಒಬ್ಬರು ಗಾಳಿ ಒತ್ತಿ;
ಜಿಪ್ಪು ಅರ್ಧಕ್ಕೆ ಬಂದು ಹಲ್ಲು ಕಿರಿಯುತ್ತದೆ.
ಸಂಪಂಗಿ ಗೂಟ ಎಣಿಸಿದ. ಇನ್ನೊಮ್ಮೆ ಎಣಿಸಿದ.
"ಏಳೇ ಇವೆ, ಒಂದು ಕಮ್ಮಿ."
"ಬಿದ್ದಿರಬೇಕು," ಅಂದೆ.

ರಾತ್ರಿ ಮೂರಕ್ಕೆ ನಾಲ್ಕನೇ ವಾರ್ಡಿನ ಫ್ಯಾನು
ಜ್ವರದ ಹಾಳೆಗಳನ್ನೆಲ್ಲ ಎಬ್ಬಿಸುವ ಹೊತ್ತು
ಚೀಲದಿಂದ ತೆಗೆದು ಅವುಗಳ ಮೇಲೆ ಇಡುತ್ತೇನೆ,
ಡೊಂಕು ಬೆನ್ನು ಮೇಲಾಗಿ.
ತುದಿಗೆ ಇನ್ನೂ ಮಣ್ಣಿದೆ. ಒರೆಸಿಲ್ಲ.